ಹಮೀದರ ಬರಿಗೋಡೆ

ಶಾರ್ಜಾದ ಒಂದು ದೊಡ್ಡ ಮಳಿಗೆಯಲ್ಲಿ ಯೌವನವನ್ನೆಲ್ಲ ಸೋಫಾ ಮಾರಿಯೇ ಕಳೆದು ನರಿಕೊಂಬಿನ ಮನೆಗೆ ವಾಪಸಾದ ಶಾಹುಲ್ ಹಮೀದರಿಗೆ ಊರಿನಲ್ಲಿ ಒಂದೇ ಒಂದು ಕೆಲಸ ಉಳಿದಿತ್ತು. ಬೇರೆಯವರ ಮನೆಯ ಕುರ್ಚಿ ಮೇಜುಗಳ ಬಗ್ಗೆ ಅಭಿಪ್ರಾಯ ಹೇಳುವುದು. ಮದುವೆಮನೆಗೆ ಹೋಗಲಿ, ಮಯ್ಯತ್ತಾದ ಸಾವಿನ ಮನೆಗೆ ಹೋಗಲಿ, ಕೂರುವ ಮೊದಲು ಅವರು ಸೋಫಾದ ಮೆತ್ತೆಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡುವರು. ಒತ್ತಿದ ಗುಳಿ ಎಷ್ಟು ನಿಧಾನವಾಗಿ ತುಂಬಿಕೊಂಡಿತು ಎಂಬುದರ ಮೇಲೆ ಆ ಮನೆಯವರ ಅಂತಸ್ತು ತೀರ್ಮಾನವಾಗುತ್ತಿತ್ತು. ಕೇಳಿದವರಿಗೆ ಹೇಳುವರು. ಕೇಳದವರಿಗೆ ಇನ್ನಷ್ಟು ವಿವರವಾಗಿ ಹೇಳುವರು.

ಅವರ ಕಷ್ಟಕಾಲ ಶುರುವಾದದ್ದು ಮೂಡಬಿದಿರೆಯ ಸಂಬಂಧಿಕರೊಬ್ಬರ ಮನೆ ಒಕ್ಕಲಿನ ದಿನ. ಹೊಸ ಮನೆಯ ಹಾಲಿನಲ್ಲಿ ಬಂಗಾರದ ಬಣ್ಣದ ಸೋಫಾ, ಬಂಗಾರದ ಬಣ್ಣದ ಟೀಪಾಯಿ, ಸೀಲಿಂಗಿನಿಂದ ಇಳಿಬಿದ್ದ ಗಾಜಿನ ಗೊಂಚಲು. ಬಿರಿಯಾನಿ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ ಹಮೀದರು ಇದನ್ನೆಲ್ಲ ಕನಿಕರದಿಂದ ನೋಡಿ, ಸುತ್ತ ಕೂತವರಿಗೆ ಒಂದು ಪಾಠ ಮಾಡಿದರು. ಇನ್ನು ಮುಂದೆ ದೊಡ್ಡವರ ಮನೆಯಲ್ಲಿ ಹೊಳೆಯುವಂಥದ್ದು ಒಂದೂ ಇರುವುದಿಲ್ಲ, ಹೊಳಪೆಲ್ಲ ಹೊಸದಾಗಿ ದುಡ್ಡು ಕಂಡವರಿಗೆ, ನಿಜವಾದ ಐಷಾರಾಮಕ್ಕೆ ಸದ್ದೇ ಇರುವುದಿಲ್ಲ, ಯುರೋಪಿನಲ್ಲಿ ಆಗಲೇ ಎಲ್ಲರೂ ಬೋಳು ಮಾಡಿಕೊಂಡಾಗಿದೆ, ಇಲ್ಲಿಗೆ ಬರುವುದೊಂದೇ ಬಾಕಿ.

ಎದುರಿಗೆ ಕೂತಿದ್ದವರು ಮೂಡಬಿದಿರೆಯ ಬಾವಾ ಹಾಜಿ. ಮಿತಭಾಷಿ, ಪೇಟೆಯಲ್ಲಿ ಅವರದ್ದೇ ಒಂದು ಫರ್ನಿಚರ್ ಅಂಗಡಿ. ಅವರ ಮಗ ಅಸ್ಕರನಿಗೂ ಹಮೀದರ ಮಗಳು ನುಸ್ರತ್‌ಗೂ ಸಂಬಂಧದ ಮಾತು ನಡೆದು, ಅರ್ಧ ಒಪ್ಪಿಗೆಯಾಗಿ ನಿಂತಿತ್ತು. ಹಾಜಿಯವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ತಿಳಿದುಕೊಳ್ಳುವ ಅಂತಲೇ ಕೇಳಿದರು.

"ನಿಮ್ಮ ಮನೆಯಲ್ಲಿ ಹೇಗೆ ಉಂಟು?"

ಹಮೀದರು ಬಾಯಿ ತೆರೆಯುವ ಮೊದಲೇ ಅವರ ಹೆಂಡತಿ ರಾಫಿಯಾಳ ಅಣ್ಣ, ಅಳದಂಗಡಿಯ ಅಬ್ಬಾಸ್, ಪಾಯಸದ ಲೋಟ ಕೆಳಗಿಟ್ಟು ಉತ್ತರ ಕೊಟ್ಟ. "ನಮ್ಮ ಭಾವನ ಮನೆಯಲ್ಲಿ ಚಿನ್ನದ ಕಾಲಿನ ಸೋಫಾ ಉಂಟು. ಷೋಕೇಸಿನಲ್ಲಿ ಪ್ಲಾಸ್ಟಿಕ್ ದ್ರಾಕ್ಷಿ ಉಂಟು. ತೊಳೆದು ತೊಳೆದು ಈಗ ಬಿಳಿ ದ್ರಾಕ್ಷಿ ಆಗಿದೆ."

ಎಲ್ಲರೂ ನಕ್ಕರು. ಹಾಜಿಯವರು ಮಾತ್ರ ನಗಲಿಲ್ಲ, ಆದರೆ ಹಮೀದರಿಗೆ ಅದು ನಕ್ಕದ್ದಕ್ಕಿಂತ ಹೆಚ್ಚು ಚುಚ್ಚಿತು. ವಾಪಸು ಬರುವಾಗ ಬಸ್ಸಿನಿಂದ ಬಿ.ಸಿ.ರೋಡಿನಲ್ಲಿ ಇಳಿದವರೇ ರಂಜಿತನಿಗೆ ಫೋನು ಮಾಡಿದರು.

ರಂಜಿತ್ ಅಂದರೆ ಮಂಗಳೂರಿನಲ್ಲಿ ಮನೆಯೊಳಗಿನ ವಿನ್ಯಾಸ ಕಲಿತು ಬಂಟ್ವಾಳದಲ್ಲಿ ಆಫೀಸು ತೆರೆದ ಯುವಕ. ಓದಿದ್ದನ್ನೆಲ್ಲ ಮಾಡಿ ನೋಡಲು ಒಂದು ಮನೆ ಸಿಗದೆ, ಅಡುಗೆಮನೆಯ ಕಪಾಟು ಕೂರಿಸುತ್ತಾ ಒಣಗುತ್ತಿದ್ದವನು. ಹಮೀದರ ಮಾತು ಕೇಳಿ ಅವನ ಕಣ್ಣಲ್ಲಿ ನೀರು ಬಂತೆಂದು ಹಮೀದರು ಆಮೇಲೆ ಹೇಳುತ್ತಿದ್ದರು. ಇಬ್ಬರೂ ಸೇರಿ ಒಂದು ಬೆಳಿಗ್ಗೆ ಮನೆಯನ್ನು ಖಾಲಿ ಮಾಡಲು ಶುರುವಿಟ್ಟುಕೊಂಡರು.

ಸೋಫಾ, ಷೋಕೇಸು, ಗಾಜಿನ ಟೀಪಾಯಿ, ಬೀಟೆ ಬಣ್ಣದ ಊಟದ ಮೇಜು ಎಲ್ಲವೂ ಟೆಂಪೋ ಏರಿದವು. ಸೋಫಾವನ್ನು ಪಕ್ಕದ ಮನೆಯ ಸಂಕಪ್ಪ ತೆಗೆದುಕೊಂಡರು. ಸಂಕಪ್ಪನವರಿಗೆ ಬಿ.ಸಿ.ರೋಡಿನಲ್ಲಿ ಒಂದು ಹೋಟೆಲು. ಅವರು ಅದನ್ನು ಗಲ್ಲೆಯ ಪಕ್ಕದಲ್ಲೇ ಇಟ್ಟರು. ಬಸ್ಸು ಕಾಯುವವರೆಲ್ಲ ಅದರ ಮೇಲೆ ಕೂತು, ಇದು ಯಾರದ್ದು ಎಂದು ಕೇಳಿ, ಉತ್ತರ ತಿಳಿದು, ಅಯ್ಯೋ ಪಾಪ ಎನ್ನುತ್ತಾ ಎದ್ದು ಹೋದರು. ಇದು ಹಮೀದರಿಗೆ ಗೊತ್ತಾಗಲಿಲ್ಲ. ಅವರು ಗೋಡೆಯಲ್ಲಿ ಮುಳುಗಿದ್ದರು.

ಹಾಲಿನ ಗೋಡೆಯ ನುಣುಪನ್ನೆಲ್ಲ ಕೆರೆದು ತೆಗೆಸಿ, ಕೊಚ್ಚಿಯಿಂದ ಒಬ್ಬ ನುರಿತವನನ್ನು ಕರೆಸಿ, ಅದು ಗಾರೆಯೇ ಕಾಣದ ಗೋಡೆಯ ಹಾಗೆ ತೋರುವಂತೆ ಮಾಡಲಾಯಿತು. ಗಾರೆ ಹಾಕುವುದಕ್ಕಿಂತ ಗಾರೆ ಹಾಕಿಲ್ಲ ಎಂದು ತೋರಿಸುವುದು ಬಹಳ ಕಷ್ಟದ ಕೆಲಸ. ಆ ಮನುಷ್ಯ ಬೂದು ಬಣ್ಣದ ಲೇಪವನ್ನು ತೆಳ್ಳಗೆ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿ, ಅಲ್ಲಲ್ಲಿ ಬೇಕೆಂದೇ ಕಲೆ ಎಬ್ಬಿಸಿ, ದೂರ ನಿಂತು ನೋಡಿ, ಕಲೆ ಸಾಲದೆಂದು ತಲೆ ಅಲ್ಲಾಡಿಸುವನು. ಹೊಸ ಊಟದ ಮೇಜಿನ ಹಲಗೆಯನ್ನು ಬೆಂಕಿಯಲ್ಲಿ ಸುಟ್ಟು ಕರಿ ಮಾಡಿ ತಂದರು. ಜಪಾನಿನವರ ಪದ್ಧತಿ ಎಂದ ರಂಜಿತ್. ನೆಲದಿಂದ ಒಂದು ಗೇಣು ಎತ್ತರದ, ಉರುಟುರುಟಾದ, ಕುರಿಯ ಬೆನ್ನಿನಂಥ ಸೋಫಾ ಬಂತು. ಬಚ್ಚಲಿನ ಬಾಗಿಲು ಹಾಲಿನ ಗೋಡೆಯೊಳಗೆ ಸೇರಿ ಕಾಣದಾಯಿತು, ಹಿಡಿಯೂ ಇಲ್ಲ, ಗೆರೆಯೂ ಇಲ್ಲ, ಗೊತ್ತಿದ್ದವರು ಸರಿಯಾದ ಜಾಗದಲ್ಲಿ ಒತ್ತಬೇಕು. ಮೂಲೆಯಲ್ಲಿ ಒಡೆದು ಅಂಟಿಸಿದ ಒಂದು ಮಣ್ಣಿನ ಪಾತ್ರೆ, ಅದರಲ್ಲಿ ಎಲೆಯಿಲ್ಲದ ಒಂದು ಕೊಂಬೆ.

ರಾಫಿಯಾ ಮೊದಲ ವಾರ ಜಗಳ ಮಾಡಿದಳು, ಆಮೇಲೆ ಮಾತು ಬಿಟ್ಟಳು. ಸುಕ್ಕುಸುಕ್ಕಾದ ನಾರಿನ ಪರದೆಗಳನ್ನು ಕಂಡು ತಡೆಯಲಾರದೆ ಒಂದು ದಿನ ಎಲ್ಲವನ್ನೂ ಇಳಿಸಿ ಇಸ್ತ್ರಿ ಹಾಕಿದಳು. ರಂಜಿತ್ ಬಂದು ನೋಡಿ, ಏಣಿ ಹತ್ತಿ, ಕೈಯಿಂದ ಒಂದೊಂದನ್ನೇ ಹಿಂಡಿ ಮತ್ತೆ ಸುಕ್ಕು ಮಾಡಿದ. ಹಮೀದರ ತಾಯಿ ಮೈಮೂನಮ್ಮ ಹೊಸ ಸೋಫಾದಲ್ಲಿ ಸಂಜೆಯ ಅಸರ್ ನಮಾಜಿಗೆ ಮುಂಚೆ ಕೂತವರು ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಆದರೂ ಏಳಲಾಗದೆ, ಕೊನೆಗೆ ಮೊಮ್ಮಗಳು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಬೇಕಾಯಿತು. ಅಂದಿನಿಂದ ಅವರು ಅಡುಗೆಮನೆಯ ಮಣೆಯ ಮೇಲೆ ವಾಸ ಹೂಡಿದರು. ಹಾಲಿನಲ್ಲಿ ಉಳಿದವರು ಹಮೀದರು ಒಬ್ಬರೇ. ಅವರಿಗೆ ಹಾಲು ಬಹಳ ಚೆಂದ ಕಂಡಿತು. ನೋಡುವವರು ಬರಬೇಕಿತ್ತು, ಅಷ್ಟೇ.

ಮೊದಲು ಬಂದವರು ಸಂಕಪ್ಪ. ಹೊಸ್ತಿಲಿನಲ್ಲೇ ನಿಂತು ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಗಾರೆ ಯಾವಾಗ ಎಂದು ಕೇಳಿದರು.

"ಇನ್ನು ಗಾರೆ ಇಲ್ಲ, ಸಂಕಪ್ಪಣ್ಣ. ಇಷ್ಟೇ," ಎಂದರು ಹಮೀದರು, ಹೆಮ್ಮೆಯಿಂದ.

ಸಂಕಪ್ಪನವರು ಇಷ್ಟೇ ಎಂಬ ಆ ಮಾತನ್ನು ಬೇರೆ ರೀತಿ ಅರ್ಥ ಮಾಡಿಕೊಂಡರು. ಹಮೀದರ ಹೆಗಲ ಮೇಲೆ ಕೈಯಿಟ್ಟು, ಎಲ್ಲ ಸರಿಯಾಗ್ತದೆ ಎಂದು ಹೇಳಿ, ಚಹಾ ಕುಡಿಯದೆಯೇ ಹೊರಟರು. ಅವರ ಮನೆಯಿಂದ ಸಂಜೆಗೆ ಆರು ಪ್ಲಾಸ್ಟಿಕ್ ಕುರ್ಚಿಗಳು ಬಂದವು. ನಮ್ಮಲ್ಲಿ ಸುಮ್ಮನೆ ಬಿದ್ದಿದ್ದವು, ವಾಪಸಿನ ವಿಚಾರ ಮಾಡಬೇಡಿ ಎಂದು ಹೇಳಿ ಕಳಿಸಿದ್ದರು.

ಎರಡನೆಯವನು ಅಬ್ಬಾಸ್. ಅಳದಂಗಡಿಯಿಂದ ಜೀಪಿನಲ್ಲಿ ಒಂದು ಮೂಟೆ ಅಕ್ಕಿ, ಒಂದು ಗೊನೆ ಬಾಳೆಕಾಯಿ ಹಾಕಿಕೊಂಡು ಬಂದ. ಊಟದ ಮೇಜನ್ನು ಮುಟ್ಟಿ ನೋಡಿ, ಕರಿಯಾದ ಬೆರಳನ್ನು ಲುಂಗಿಗೆ ಒರೆಸಿಕೊಂಡು, ತಂಗಿಯನ್ನು ಅಡುಗೆಮನೆಗೆ ಕರೆದು, ಬೆಂಕಿ ಬಿದ್ದದ್ದನ್ನು ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ. ಬೆಂಕಿ ಬಿದ್ದದ್ದಲ್ಲ, ಇವರೇ ಸುಡಿಸಿದ್ದು ಎಂದಳು ರಾಫಿಯಾ. ಅಬ್ಬಾಸನ ಮುಖ ಇನ್ನೂ ಸಣ್ಣದಾಯಿತು. ಮನೆ ಒಕ್ಕಲಿನಲ್ಲಿ ದ್ರಾಕ್ಷಿಯ ವಿಷಯ ಎತ್ತಿದ್ದು ತನ್ನದೇ ಬಾಯಿ. ಭಾವನ ತಲೆ ಕೆಟ್ಟಿದ್ದರೆ ಅದರ ಪಾಪ ತನಗೆ ಸುತ್ತಿಕೊಳ್ಳುತ್ತದೆ ಎಂದು ಅವನಿಗೆ ಹೆದರಿಕೆಯಾಯಿತು. ಹೊರಡುವಾಗ ಹಮೀದರ ಎರಡೂ ಕೈ ಹಿಡಿದು ಕ್ಷಮೆ ಕೇಳಿದ. ಯಾಕೆಂದು ಹಮೀದರಿಗೆ ತಿಳಿಯಲಿಲ್ಲ.

ತಿಳಿದದ್ದು ರಂಜಾನಿನ ಹೊತ್ತಿಗೆ. ಪ್ರತಿ ವರ್ಷ ಮಸೀದಿಯ ಕಮಿಟಿಯವರು ಇಲ್ಲದವರ ಮನೆಗೆ ಕಿಟ್ ಮುಟ್ಟಿಸುತ್ತಾರೆ: ಖರ್ಜೂರ, ಎಣ್ಣೆ, ಸಕ್ಕರೆ, ಬೇಳೆ. ಪ್ರತಿ ವರ್ಷವೂ ಅದಕ್ಕೆ ಹಮೀದರ ಪಾಲಿನ ದುಡ್ಡೂ ಇರುತ್ತಿತ್ತು. ಈ ವರ್ಷವೂ ಕೊಟ್ಟಿದ್ದರು. ಅಂಥ ಒಂದು ಕಿಟ್, ಯಾರಿಗೂ ಕಾಣದಂತೆ ಚೀಲದಲ್ಲಿ ಸುತ್ತಿ, ಅವರದ್ದೇ ಗೇಟಿನ ಒಳಗೆ ಇಡಲಾಗಿತ್ತು. ಅದನ್ನು ಹೆಗಲಿಗೇರಿಸಿಕೊಂಡು ಹಿಂದಿರುಗಿಸಲು ಹೋದರೆ, ಸೆಕ್ರೆಟರಿ ಅವರನ್ನು ಬದಿಗೆ ಕರೆದು, ಇದರಲ್ಲಿ ನಾಚಿಕೆ ಪಡುವಂಥದ್ದು ಎಂತದ್ದೂ ಇಲ್ಲ ಎಂದು ಬಹಳ ಮೃದುವಾಗಿ ಹೇಳಿದರು. ನನಗೆ ಬೇಕಾಗಿಯೇ ಇಲ್ಲ ಎಂದರು ಹಮೀದರು. ಸ್ವಾಭಿಮಾನ ಇರುವವರು ಹಾಗೆಯೇ ಹೇಳುವುದು ಎಂದರು ಸೆಕ್ರೆಟರಿ. ಕೇಳಿಸಿಕೊಂಡ ನಾಲ್ಕು ಮಂದಿ ತಲೆ ತಗ್ಗಿಸಿದರು. ಹಮೀದರು ಕಿಟ್ ಹೊತ್ತುಕೊಂಡೇ ಮನೆಗೆ ಬಂದರು.

ಊರಿಗೆ ವಿವರಿಸಿ ಹೇಳದೆ ಇದು ಮುಗಿಯುವುದಿಲ್ಲ ಎಂದು ಅವರಿಗೆ ಅನಿಸಿತು. ಪೆರ್ನಾಲ್ ಹಬ್ಬ ಕಳೆದ ಮೇಲೆ ಒಂದು ದಿನ ಸಂಕಪ್ಪನ ಹೋಟೆಲಿನಲ್ಲಿ, ಎಲ್ಲರೂ ನೀರುಳ್ಳಿ ಬಜೆಗೆ ಕಾಯುವ ಹೊತ್ತು ನೋಡಿ, ಮೊಬೈಲು ತೆಗೆದು ಬೆಲ್ಜಿಯಂನ ಒಬ್ಬ ಮಹಾ ಶ್ರೀಮಂತನ ಬಂಗಲೆಯ ಚಿತ್ರಗಳನ್ನು ತೋರಿಸಿದರು. ಕಲೆಯಾದ ಗೋಡೆ, ಬೋಳು ನೆಲ, ಬಾಗಿದ ಹಲಗೆ, ಒಂದು ಒಣ ಕೊಂಬೆ. ಮೊಬೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಯಿತು. ಧರ್ಮಸ್ಥಳದ ಬಸ್ಸಿನ ಕಂಡಕ್ಟರು ಬಹಳ ಹೊತ್ತು ನೋಡಿದ.

"ಇದು ಯಾವ ವರ್ಷದ ನೆರೆ?" ಎಂದು ಕೇಳಿದ.

ಹಮೀದರು ಸದ್ದಿಲ್ಲದ ಐಷಾರಾಮದ ಬಗ್ಗೆ ಮಾತಾಡಿದರು. ಮುಂದಿನ ಕಾಲದ ಬಗ್ಗೆ ಮಾತಾಡಿದರು. ಕೈ ಆಡಿಸಿದರು, ಬೆವರಿದರು, ಉರುಟು ಸೋಫಾದ ಬೆನ್ನು ಹೇಗಿರುತ್ತದೆಂದು ಗಾಳಿಯಲ್ಲಿ ಬರೆದು ತೋರಿಸಿದರು. ಎಲ್ಲರೂ ಹೌದು ಹೌದು ಎಂದರು, ಅದೇ ಹೆಚ್ಚು ಭಯಂಕರವಾಗಿತ್ತು. ಮನುಷ್ಯ ಕಷ್ಟದಲ್ಲಿದ್ದಾಗ ಹೀಗೆ ಏನಾದರೂ ಹೇಳಿಕೊಂಡು ಸಮಾಧಾನ ಮಾಡಿಕೊಳ್ಳುತ್ತಾನೆ ಎಂದು ಅವರೆಲ್ಲರಿಗೂ ತಿಳಿದಿತ್ತು. ಬಿಲ್ಲು ಕೊಡಲು ಹೋದರೆ ಸಂಕಪ್ಪ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಅವರ ಹೋಟೆಲಿನಲ್ಲಿ ಹಮೀದರಿಗೆ ಚಹಾ ಪುಕ್ಕಟೆಯಾಯಿತು. ಹಮೀದರು ಹೋಗುವುದನ್ನೇ ಬಿಟ್ಟರು.

ಆಮೇಲೆ ಮನೆ ತೆರಿಗೆಯ ಲೆಕ್ಕಕ್ಕೆ ಬಂದ ಅಧಿಕಾರಿ ಇನ್ನೊಂದು ಪೆಟ್ಟು ಕೊಟ್ಟರು. ಹಾಲಿನ ಮಧ್ಯದಲ್ಲಿ ನಿಂತು ಸುತ್ತ ನೋಡಿ, ಪುಸ್ತಕ ಬಿಚ್ಚದೆಯೇ, ಮನೆ ಮುಗಿದ ಮೇಲೆ ತಿಳಿಸಿ, ಬರ್ತೇನೆ ಎಂದರು. ಮುಗಿದಿದೆ ಎಂದರು ಹಮೀದರು. ಅಧಿಕಾರಿ ಗೋಡೆಯನ್ನು ನೋಡಿದರು, ಹಮೀದರನ್ನು ನೋಡಿದರು, ಅವಸರ ಇಲ್ಲ ಮಾರಾಯ್ರೆ, ಮೆಲ್ಲ ಮುಗಿಸಿ ಎಂದು ಸಮಾಧಾನ ಹೇಳಿ, ಅರ್ಧಕ್ಕೆ ನಿಂತ ಮನೆಗಳಿಗೆ ಸರಕಾರದ ನೆರವು ಇರುವುದನ್ನೂ ತಿಳಿಸಿ ಹೋದರು. ಸರಕಾರವೇ ಒಪ್ಪದ ಮನೆಯಲ್ಲಿ ಹಮೀದರು ಆ ದಿನವಿಡೀ ಗೇಣೆತ್ತರದ ಸೋಫಾದ ಮೇಲೆ ಮೊಣಕಾಲಿಗೆ ಗಲ್ಲ ಆನಿಸಿಕೊಂಡು ಕೂತಿದ್ದರು. ಏಳುವುದು ಈಗ ಅವರಿಗೂ ಕಷ್ಟವಾಗುತ್ತಿತ್ತು.

ಇಷ್ಟೆಲ್ಲ ಆದರೂ ಅವರು ಹಿಡಿದುಕೊಂಡಿದ್ದ ಒಂದು ಆಸೆಯೆಂದರೆ ಬಾವಾ ಹಾಜಿ. ಹಾಜಿಯವರು ಅದೇ ವ್ಯಾಪಾರದವರು, ಮರ ಬಲ್ಲವರು, ಮೆತ್ತೆ ಬಲ್ಲವರು. ಅವರಿಗೆ ಅರ್ಥವಾಗದಿದ್ದರೆ ಇನ್ನು ಯಾರಿಗೂ ಆಗುವುದಿಲ್ಲ. ಹಾಜಿಯವರು ಕೊನೆಯ ಮಾತಿಗೆಂದು ಒಬ್ಬರೇ ಬಂದರು. ನುಸ್ರತ್ ತಟ್ಟೆಯಲ್ಲಿ ಶರಬತ್ತು ತಂದಿಟ್ಟು ಒಳಗೆ ಹೋಗಿ, ಅಡುಗೆಮನೆಯ ಬಾಗಿಲ ಹಿಂದೆ ಕಿವಿಗೊಟ್ಟು ನಿಂತಳು. ಅವಳಿಗೆ ಅಸ್ಕರ್ ಒಪ್ಪಿಗೆಯಾಗಿದ್ದ. ಮೆಲುಮಾತಿನ, ಕಣ್ಣು ತಗ್ಗಿಸಿ ನಗುವ ಹುಡುಗ.

ಹಾಜಿಯವರು ಸೋಫಾದೊಳಗೆ ಇಳಿದರು. ಇಳಿದು ಮುಗಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಗೋಡೆ ನೋಡಿದರು. ಕರಿ ಮೇಜು ನೋಡಿದರು. ಒಡೆದ ಪಾತ್ರೆ ನೋಡಿದರು. ಹಮೀದರು ಅವರ ಮುಖವನ್ನೇ ನೋಡುತ್ತಾ ಒಂದು ಮೆಚ್ಚಿಗೆಗೆ ಕಾದರು. ಹಾಜಿಯವರು ಕೈ ತೊಳೆಯುವುದು ಎಲ್ಲಿ ಎಂದು ಕೇಳಿದರು.

ಅಲ್ಲೇ ಎಂದು ಗೋಡೆ ತೋರಿಸಿದರು ಹಮೀದರು.

ಹಾಜಿಯವರು ಗೋಡೆಯ ಹತ್ತಿರ ಹೋಗಿ ನಿಂತರು. ಹಿಡಿ ಹುಡುಕಿದರು. ಅಂಗೈಯಿಂದ ಅಲ್ಲಲ್ಲಿ ಒತ್ತಿದರು, ಜಿಲ್ಲಾಸ್ಪತ್ರೆಯ ಡಾಕ್ಟರು ಹೊಟ್ಟೆ ಒತ್ತಿದ ಹಾಗೆ. ಹಮೀದರು ಎದ್ದು ಸಹಾಯಕ್ಕೆ ಹೋಗಬೇಕೆಂದರೆ ಸೋಫಾ ಬಿಡಲಿಲ್ಲ. ಅವರು ಒಂದು ಕೈ ನೆಲಕ್ಕೆ ಊರಿ, ಇನ್ನೊಂದನ್ನು ಮೇಲೆತ್ತಿ, ಬಲಕ್ಕೆ, ಇನ್ನೂ ಸ್ವಲ್ಪ ಬಲಕ್ಕೆ ಎಂದು ಹೇಳುತ್ತಿರುವಾಗಲೇ ಗೋಡೆ ಒಮ್ಮೆಲೇ ತೆರೆದು ಹಾಜಿಯವರು ಒಳಗೆ ಮಾಯವಾದರು. ಗೋಡೆ ಮುಚ್ಚಿಕೊಂಡಿತು. ಆಮೇಲೆ ಒಳಗಿನಿಂದ ಒತ್ತುವ ಸದ್ದು ಬಹಳ ಹೊತ್ತು ಕೇಳಿತು. ಕೊನೆಗೆ ರಾಫಿಯಾ ಬಂದು ಬಿಡಿಸಿದಳು.

ಹೊರಗೆ ಬಂದ ಹಾಜಿಯವರು ಮುಖ ಒರೆಸಿಕೊಂಡು, ಮನೆಯಲ್ಲಿ ಮಾತಾಡಿ ಹೇಳ್ತೇನೆ ಎಂದರು. ಅಷ್ಟೇ. ಶರಬತ್ತು ಹಾಗೆಯೇ ಉಳಿದಿತ್ತು.

ಆ ಸಂಜೆ ಮನೆಯಲ್ಲಿ ಯಾರೂ ದೀಪ ಹಾಕಲಿಲ್ಲ. ಸ್ವಿಚ್ಚುಗಳನ್ನೂ ರಂಜಿತ್ ಅಡಗಿಸಿಟ್ಟಿದ್ದ, ಆದರೆ ಕಾರಣ ಅದಲ್ಲ. ರಾಫಿಯಾ ಅತ್ತಳು. ಮೈಮೂನಮ್ಮ ಮಣೆಯ ಮೇಲೆ ತಸ್ಬೀಹ್ ಮಣಿ ಎಣಿಸಿದರು. ನುಸ್ರತ್ ಮಾತ್ರ ತಂದೆಯ ಎದುರಿಗೆ ಬಂದು, ನೆಲದ ಮೇಲೆಯೇ ಕೂತು, "ಬಾಪಾ, ಅವರು ಬೇಡ ಅಂದರೆ ಗೋಡೆಯಿಂದ ಆಯಿತು ಅಂತ ಬೇಜಾರು ಮಾಡಬೇಡಿ" ಎಂದಳು. ಹಮೀದರಿಗೆ ಬದುಕಿದ್ದು ಸಾಕೆನಿಸಿತು. ಶಾರ್ಜಾದಲ್ಲಿ ಅವರು ಎಂಥೆಂಥ ಗಿರಾಕಿಗಳನ್ನು ಒಪ್ಪಿಸಿದ್ದರು. ಹೆಂಡತಿಗೆ ನೀಲಿ ಬೇಕು, ಗಂಡನಿಗೆ ಕಂದು ಬೇಕು ಎಂದು ಜಗಳಾಡುತ್ತಾ ಬಂದವರಿಗೆ ಹಸಿರು ಕೊಟ್ಟು ನಗಿಸಿ ಕಳಿಸಿದ್ದರು. ತಮ್ಮ ಮನೆ ಸುಖವಾಗಿದೆ ಎಂಬ ಒಂದು ಮಾತನ್ನು ಮಾತ್ರ ಊರಿಗೆ ಮಾರಲು ಅವರಿಂದಾಗಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಗೇಟಿನಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಅಬ್ಬಾಸನ ಜೀಪು, ಅದರ ಹಿಂದೆ ಮರಳು ತುಂಬಿದ ಪಿಕಪ್ಪು. ಸಂಕಪ್ಪ ಪಂಚೆ ಎತ್ತಿ ಕಟ್ಟಿ ನಿಂತಿದ್ದರು. ಮಸೀದಿಯ ಹುಡುಗರು, ಹೋಟೆಲಿನ ಹುಡುಗರು, ಇಬ್ಬರು ಮೇಸ್ತ್ರಿಗಳು, ಸಿಮೆಂಟು, ಏಣಿ. ಎಲ್ಲರ ಮುಂದೆ, ತಲೆಗೆ ಬೈರಾಸು ಸುತ್ತಿದ ಬಾವಾ ಹಾಜಿ. ಮಗ ಅಸ್ಕರ್ ಕೈಯಲ್ಲಿ ಪೇಂಟಿನ ಡಬ್ಬಿ ಹಿಡಿದು, ಕಣ್ಣು ತಗ್ಗಿಸಿ ನಗುತ್ತಿದ್ದ. ಡಬ್ಬಿಯ ಮೇಲೆ ಗಿಳಿಹಸಿರು ಬಣ್ಣದ ಒಂದು ಚೌಕವಿತ್ತು.

ಹಮೀದರು ಎರಡೂ ಕೈ ಚಾಚಿ ಹೊಸ್ತಿಲಿಗೆ ಅಡ್ಡ ನಿಂತರು. ಬೇಡ ಎಂದರು. ದಯವಿಟ್ಟು ಬೇಡ ಎಂದರು. ಈ ಗೋಡೆ ಹೀಗೆಯೇ ಇರಬೇಕಾದದ್ದು, ಕೊಚ್ಚಿಯಿಂದ ಜನ ಬಂದು ಮಾಡಿದ್ದು ಎಂದರು. ಹೇಳಹೇಳುತ್ತ ಅವರ ಕಣ್ಣಿನಿಂದ ನೀರು ಹರಿಯಿತು. ಅದನ್ನು ನೋಡಿ ಸಂಕಪ್ಪನವರ ಕಣ್ಣೂ ಒದ್ದೆಯಾಯಿತು. ಹುಡುಗರು ಮರಳಿನ ಬುಟ್ಟಿ ಹಿಡಿದು ಬೇರೆ ಕಡೆ ನೋಡುತ್ತಾ ನಿಂತರು.

ಆಗ ಬಾವಾ ಹಾಜಿ ಅವರನ್ನು ಕೈ ಹಿಡಿದು ಮನೆಯ ಹಿಂದಿನ ಬಾವಿಕಟ್ಟೆಗೆ ಕರೆದುಕೊಂಡು ಹೋದರು. ಅಲ್ಲಿ ಅವರು ಆಡಿದಷ್ಟು ಮಾತನ್ನು ಅದಕ್ಕೆ ಮೊದಲು ಯಾರೂ ಅವರ ಬಾಯಿಂದ ಕೇಳಿರಲಿಲ್ಲ.

"ನಿಮ್ಮಲ್ಲಿ ಒಂದು ವಿಷಯ ಹೇಳ್ತೇನೆ. ನೀವು ದೊಡ್ಡ ದೊಡ್ಡ ಮಾತು ಆಡುವುದು ಕೇಳಿ ನಮಗೆ ಹೆದರಿಕೆ ಇತ್ತು. ಅಂಗಡಿಯಲ್ಲಿ ಮಾರಾಟ ಆಗದೆ ಉಳಿದ ಕುರ್ಚಿಗಳೇ ನಮ್ಮ ಮನೆಯಲ್ಲಿ ಇರುವುದು. ಒಂದಕ್ಕೊಂದು ಜೋಡಿ ಇಲ್ಲ. ನಿಮ್ಮ ಮಗಳು ಬಂದು ಎಲ್ಲಿ ಕೂರುವುದು ಅಂತ ನನ್ನ ಹೆಂಡತಿಗೆ ನಿದ್ದೆ ಇರಲಿಲ್ಲ. ಆ ದಿನ ನಾನು ಬಂದದ್ದು ಬೇಡ ಅಂತ ಹೇಳಲಿಕ್ಕೆ."

ಹಮೀದರು ಬಾವಿಯ ಹಗ್ಗ ಹಿಡಿದುಕೊಂಡರು.

"ಬಂದು ನೋಡಿದರೆ ಹೀಗೆ ಉಂಟು. ಬೇರೆಯವರಾದರೆ ಪರದೆ ಹಾಕಿ ಮುಚ್ಚುತ್ತಿದ್ದರು. ನೀವು ಮುಚ್ಚಲಿಲ್ಲ. ಬರಿ ಗೋಡೆಯ ಎದುರೇ ನನ್ನನ್ನು ಕೂರಿಸಿದಿರಿ. ಇನ್ನು ನಮಗೆ ಹೆದರಿಕೆ ಇಲ್ಲ. ಹುಡುಗಿಯನ್ನು ಕೊಡಿ."

ಹೇಳಬೇಕಾದ ಸತ್ಯ ಹಮೀದರ ನಾಲಿಗೆಯ ತುದಿಗೆ ಬಂದಿತ್ತು. ಮನೆಯಲ್ಲಿ ಎಂತದ್ದೂ ಕಮ್ಮಿಯಿಲ್ಲ, ಆ ಗೋಡೆ ನಿಮ್ಮ ಮನೆಯ ಎಲ್ಲ ಗೋಡೆಗಳಿಗಿಂತ ದುಬಾರಿ, ನಾನು ಹಿಂದೆ ಹೇಗಿದ್ದೆನೋ ಈಗ ಅದಕ್ಕಿಂತ ಹೆಚ್ಚು ಜಂಬದ ಮನುಷ್ಯ ಎಂದು ಹೇಳಿಬಿಟ್ಟರೆ ಎಲ್ಲವೂ ಸರಿಯಾಗುತ್ತಿತ್ತು, ಸಂಬಂಧವೊಂದನ್ನು ಬಿಟ್ಟು. ಅಡುಗೆಮನೆಯ ಕಿಟಕಿಯಲ್ಲಿ ನುಸ್ರತ್‌ಳ ಮುಖ ಕಾಣಿಸಿತು. ಅವಳು ಬಾವಿಕಟ್ಟೆಯ ಕಡೆ ನೋಡುತ್ತಿರಲಿಲ್ಲ. ಅಂಗಳದಲ್ಲಿ ಪೇಂಟಿನ ಡಬ್ಬಿಯ ಮುಚ್ಚಳವನ್ನು ಬಿಚ್ಚಲಾಗದೆ ಒದ್ದಾಡುತ್ತಿದ್ದ ಅಸ್ಕರನನ್ನು ನೋಡುತ್ತಿದ್ದಳು.

ಹಮೀದರು ಸತ್ಯವನ್ನು ನುಂಗಿಕೊಂಡರು. ಅದು ಸುಲಭವಾಗಿ ಇಳಿಯಲಿಲ್ಲ. ಆಮೇಲೆ ಅಂಗಳಕ್ಕೆ ಬಂದು, ಪಂಚೆ ಎತ್ತಿ ಕಟ್ಟಿ, ಮರಳಿನ ಬುಟ್ಟಿಯೊಂದನ್ನು ತಲೆಯ ಮೇಲೆ ಇಟ್ಟುಕೊಂಡರು.

ಅಂದು ಮಧ್ಯಾಹ್ನದೊಳಗೆ ಗೋಡೆಗೆ ಗಾರೆಯಾಯಿತು. ಮೇಸ್ತ್ರಿಗಳು ಬಚ್ಚಲಿನ ಬಾಗಿಲಿಗೆ ಉದ್ದದ ಒಂದು ಕಬ್ಬಿಣದ ಹಿಡಿಯನ್ನೂ ಜಡಿದು, ಇನ್ನು ಯಾರೂ ಒಳಗೆ ಸಿಕ್ಕಿಕೊಳ್ಳುವುದಿಲ್ಲ ಎಂದರು. ಗೋಡೆ ಒಣಗಿದ ಮೇಲೆ ಅಸ್ಕರನೇ ಎರಡು ಸಲ ಬಂದು ಗಿಳಿಹಸಿರು ಹೊಡೆದು ಹೋದ. ವಿಷಯ ತಿಳಿದು ಓಡಿ ಬಂದ ರಂಜಿತ್ ಹೊಸ್ತಿಲಿನಲ್ಲಿ ನಿಂತು, ಒಳಗೆ ಬರದೆ, ಚಪ್ಪಲಿ ಬಿಟ್ಟ ಜಾಗದಲ್ಲೇ ಕುಸಿದು ಕೂತ. ಅವನಿಗೆ ನೀರು ತಂದುಕೊಟ್ಟವಳು ರಾಫಿಯಾ. ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ಗೆಲುವು ಇತ್ತು. ಹಸಿರು ಹೇಗೆ ಒಪ್ಪುತ್ತದೆ ನೋಡಿ ಎಂದು ಅವನಿಗೇ ಹೇಳಿದಳು.

ಮದುವೆ ಸರಳವಾಗಿ ನಡೆಯಿತು. ಇನ್ನೂ ದೊಡ್ಡದಾಗಿ ಮಾಡುವ ಎಂದು ಹಮೀದರು ಹೇಳಿದಾಗಲೆಲ್ಲ, ನಿಮಗೆ ಯಾಕೆ ತೊಂದರೆ ಎಂದು ಎಲ್ಲರೂ ಅವರ ಬಾಯಿ ಮುಚ್ಚಿಸಿದರು. ಮದುವೆಯ ಸಡಗರ ಮುಗಿದ ಮೇಲೆ ಬಾವಾ ಹಾಜಿ ಇನ್ನೊಂದು ಉಪಕಾರ ಮಾಡಿದರು. ಸುಮ್ಮನೆ ಮನೆಯಲ್ಲಿ ಕೂತರೆ ಮನಸ್ಸು ಹಾಳಾಗ್ತದೆ, ನಮ್ಮ ಅಂಗಡಿಗೆ ಬನ್ನಿ, ನಿಮಗೆ ಗೊತ್ತಿರುವ ಕೆಲಸವೇ ಅಲ್ವಾ ಎಂದರು. ಬೇಡ ಎನ್ನಲು ಹಮೀದರಿಗೆ ಒಂದು ಕಾರಣ ಬೇಕಿತ್ತು. ಇದ್ದ ಒಂದೇ ಕಾರಣವನ್ನು ಅವರು ಬಾವಿಕಟ್ಟೆಯಲ್ಲಿ ನುಂಗಿಯಾಗಿತ್ತು.

ಹಾಗೆ ಶಾಹುಲ್ ಹಮೀದರು ಬುತ್ತಿ ಕಟ್ಟಿಕೊಂಡು ಬೆಳಿಗ್ಗೆಯ ಬಸ್ಸು ಹತ್ತಿ ಮೂಡಬಿದಿರೆಗೆ ಹೋಗತೊಡಗಿದರು. ಅಂಗಡಿಯಲ್ಲಿ ಅವರ ಎಡಕ್ಕೆ ಸ್ಟೀಲ್ ಕಪಾಟುಗಳು, ಬಲಕ್ಕೆ ನವಿಲಿನ ಬೆನ್ನಿನ ಸೋಫಾಗಳು. ನವಿಲಿನ ಕಣ್ಣಿಗೆ ಕೆಂಪು ಕಲ್ಲು, ಗರಿಗೆ ಬಂಗಾರದ ಗೆರೆ. ಮೊದಲ ಕೆಲವು ದಿನ ಅವರು ಅವಕ್ಕೆ ಬೆನ್ನು ಹಾಕಿಯೇ ಕೂತರು.

ಒಂದು ಮಳೆಯ ದಿನ ಬೆಳ್ತಂಗಡಿ ಕಡೆಯಿಂದ ಒಬ್ಬ ರಬ್ಬರ್ ವ್ಯಾಪಾರಿಯೂ ಅವನ ಹೆಂಡತಿಯೂ ಬಂದರು. ಹೊಸ ಮನೆ ಕಟ್ಟುತ್ತಿದ್ದರಂತೆ. ಆ ಮನುಷ್ಯ ಅತ್ತಿತ್ತ ನೋಡಿ, ಹತ್ತಿರ ಬಂದು, ನೀವು ಹೊರದೇಶದಲ್ಲಿ ಇದೇ ಕೆಲಸದಲ್ಲಿ ಇದ್ದವರಂತೆ, ಇನ್ನು ಮುಂದೆ ದೊಡ್ಡವರ ಮನೆಯಲ್ಲಿ ಎಂತ ಬರ್ತದೆ, ನಮಗೆ ಸ್ವಲ್ಪ ಹೇಳಿ ಎಂದು ತಗ್ಗಿದ ದನಿಯಲ್ಲಿ ಕೇಳಿದ.

ಇಂಥ ಪ್ರಶ್ನೆಯನ್ನು ಯಾರಾದರೂ ತಾವಾಗಿ ಕೇಳಲಿ ಎಂದು ಹಮೀದರು ಜೀವಮಾನವಿಡೀ ಕಾದಿದ್ದರು. ಗಲ್ಲೆಯಲ್ಲಿ ಬಾವಾ ಹಾಜಿ ತಲೆಯೆತ್ತಿ, ಬೀಗರ ಕಡೆ ಪ್ರೀತಿಯಿಂದ ನೋಡಿದರು. ಹಮೀದರು ಎದ್ದರು. ನವಿಲಿನ ಸೋಫಾದ ಹತ್ತಿರ ಹೋಗಿ, ಅದರ ಬಂಗಾರದ ಕೊರಳಿನ ಮೇಲೆ ಕೈಯಿಟ್ಟರು.

"ಇದು," ಎಂದರು. "ಇನ್ನು ಎಲ್ಲ ಕಡೆ ಇದೇ ಬರ್ತದೆ."

ಗಂಡಹೆಂಡತಿ ಮುಖ ಮುಖ ನೋಡಿಕೊಂಡು ತಲೆಯಾಡಿಸಿದರು. ಹಮೀದರ ಮಾತನ್ನು ಒಂದೇ ಸಲಕ್ಕೆ, ಯಾವ ಅನುಮಾನವೂ ಇಲ್ಲದೆ ನಂಬಿದವರಲ್ಲಿ, ಅವರು ಶಾರ್ಜಾದಿಂದ ಊರಿಗೆ ಬಂದ ಮೇಲೆ, ಇವರೇ ಮೊದಲಿಗರು.